ಪರಾರ್ಥದ ಓಟ

ನಮ್ಮ ನುಡಿಯಲ್ಲಿ ಓಟವೆಂಬ ಮಾತಿಗೆ ಹೆಚ್ಚಿನ ಗೌರವವೇನೂ ಇಲ್ಲ. ಹೆದರಿದವನು ಓಡುತ್ತಾನೆ, ಕದ್ದವನು ಓಡುತ್ತಾನೆ, ಸಾಲ ಕೊಟ್ಟವನನ್ನು ದೂರದಿಂದ ಕಂಡವನು ಓಡುತ್ತಾನೆ. ವಯಸ್ಸಾದವರು, ಮಾನವಂತರು ಓಡಬಾರದು, ಗಂಭೀರವಾಗಿ ನಡೆಯಬೇಕು ಎಂಬುದು ಹಿಂದಿನವರ ಮರ್ಯಾದೆ. ಅಂಥ ನಾಡಿನಲ್ಲಿ ಇಂದು ಭಾನುವಾರದ ಮುಂಜಾವಿನಲ್ಲಿ ಸಂಸಾರಸ್ಥರು, ಗೃಹಿಣಿಯರು, ನಿವೃತ್ತರು ಎದೆಯ ಮೇಲೆ ಸಂಖ್ಯೆ ಬರೆದ ಚೀಟಿಯೊಂದನ್ನು ಸಿಕ್ಕಿಸಿಕೊಂಡು ನಡುಬೀದಿಯಲ್ಲಿ ಓಡುತ್ತಾರೆ. ಹಿಂದೆ ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಮುಂದೆ ಬಹುಮಾನವೂ ಅವರಲ್ಲಿ ಬಹುಮಂದಿಗೆ ಕಾದಿಲ್ಲ. ಏಕೆ ಓಡುತ್ತೀರೆಂದು ಕೇಳಿದರೆ, ಕ್ಯಾನ್ಸರ್ ರೋಗಿಗಳ ನೆರವಿಗಾಗಿ, ಬಡ ಮಕ್ಕಳ ವಿದ್ಯಾಭ್ಯಾಸಕ್ಕಾಗಿ, ಕಣ್ಣಿಲ್ಲದವರಿಗಾಗಿ ಎಂಬ ಉತ್ತರ ಬರುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅರಳಿಕಟ್ಟೆಯ ಹಿರಿಯರ ಮುಂದೆ ಈ ಸಂಗತಿಯನ್ನು ಇಟ್ಟರೆ, ಅವರಿಂದ ಬರಬಹುದಾದ ಪ್ರಶ್ನೆ ಒಂದೇ: “ಕೊಡೋ ಮನಸ್ಸಿದ್ರೆ ಮನೇಲಿ ಕೂತೇ ಕೊಡಬಹುದಲ್ಲಪ್ಪ, ಅದಕ್ಕೆ ಓಡೋದ್ಯಾಕೆ?” ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಕಾಲಿಗೂ ಕರುಣೆಗೂ ಏನು ಸಂಬಂಧ? ಬೆವರಿಗೂ ದಾನಕ್ಕೂ ಯಾವ ನಂಟು? ಇದಕ್ಕೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕುವುದು ಈ ಭಾಷಣದ ಉದ್ದೇಶ.

ಓಟವನ್ನೇ ವೃತ್ತಿಯಾಗಿ ಪಡೆದವರು ನಮ್ಮಲ್ಲಿ ಹಿಂದೆ ಇದ್ದರು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅಂಚೆಯ ವ್ಯವಸ್ಥೆಯನ್ನು ನೆಲೆಗೊಳಿಸಿದರು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೂ ಬಾಳಿತು. ಕಾಗದದ ಚೀಲವನ್ನು ಹೆಗಲಿಗೇರಿಸಿ ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಓಡುತ್ತಿದ್ದ ಹರಿಕಾರ ತನಗಾಗಿ ಓಡುತ್ತಿರಲಿಲ್ಲ. ಚೀಲದೊಳಗಿದ್ದ ಸುಖದುಃಖಗಳೆಲ್ಲ ಬೇರೆಯವರವು. ಮ್ಯಾರಥಾನ್ ಎಂಬ ಹೆಸರಿನ ಹಿಂದಿರುವ ಗ್ರೀಕರ ಐತಿಹ್ಯವೂ ಇಂಥದೇ: ಗೆಲುವಿನ ಸುದ್ದಿಯನ್ನು ಹೊತ್ತು ಅಥೆನ್ಸಿಗೆ ಓಡಿದ ದೂತನ ಕಥೆ. ಅಂದರೆ, ಪರರ ಭಾರವನ್ನು ಹೊತ್ತು ಓಡುವವನು ಹೊಸಬನಲ್ಲ. ಹೊಸದಾದುದು, ಸಂಬಳವಿಲ್ಲದೆ, ಅಪ್ಪಣೆಯಿಲ್ಲದೆ, ತಾನಾಗಿ ಆ ಭಾರವನ್ನು ಕೇಳಿ ಪಡೆಯುವುದು.

ಹಾಗೆ ಕೇಳಿ ಪಡೆದವರ ಪರಂಪರೆಯೂ ನಮಗೆ ಅಪರಿಚಿತವಲ್ಲ. ಅವರು ಓಡಲಿಲ್ಲ, ನಡೆದರು. ಜೋಳಿಗೆ ಹಿಡಿದು ಊರೂರು ತಿರುಗಿ ಧಾನ್ಯವನ್ನು ಕೂಡಿಸಿ ಹಸಿದವರಿಗೆ ಉಣಿಸುವುದು ಕನ್ನಡ ನಾಡಿನ ಮಠಗಳ ಹಳೆಯ ಪದ್ಧತಿ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ 1941ರಿಂದ 2019ರ ಜನವರಿಯವರೆಗೆ ಮಠಾಧಿಪತಿಗಳಾಗಿದ್ದ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಬೆಳೆಸಿದ್ದು ಇಂಥ ಸಂಚಾರದ ಬಲದಿಂದಲೇ. ಗಾಂಧೀಜಿ 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಬಳಿಕ ಮೈಸೂರು ಸಂಸ್ಥಾನದ ಊರುಗಳಲ್ಲಿ ಖಾದಿ ನಿಧಿಗಾಗಿ ಸಂಚರಿಸಿದಾಗ ಜನ ಹಮ್ಮಿಣಿಗಳನ್ನು ಅರ್ಪಿಸಿದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಮೊದಲಾದ ವಿನೋಬಾ ಭಾವೆಯವರ ಭೂದಾನ ಯಾತ್ರೆ 1957ರಲ್ಲಿ ಕರ್ನಾಟಕಕ್ಕೂ ಬಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ಗ್ರಾಮದಾನವನ್ನು ಕುರಿತು ಸಮ್ಮೇಳನ ನಡೆಯಿತು. ನೆಹರೂ ಅವರೂ ಅದರಲ್ಲಿ ಭಾಗವಹಿಸಿದ್ದರು.

ಭೂಮಿಯನ್ನು ಬೇಡಲು ವಿನೋಬಾ ಏಕೆ ನಡೆಯಬೇಕಾಗಿತ್ತು? ಒಂದು ಪತ್ರ ಬರೆದರೆ ಸಾಲದಾಗಿತ್ತೆ? ಕಟ್ಟೆಯ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬೇಡುವವನ ಮಾತನ್ನು ಯಾರು ಬೇಕಾದರೂ ಅನುಮಾನಿಸಬಹುದು. ಅವನ ಪಾದದ ಧೂಳನ್ನು ಅನುಮಾನಿಸುವುದು ಕಷ್ಟ. ದೇಹದ ಶ್ರಮವೆಂಬುದು ಮಾತಿಗೆ ಇಟ್ಟ ಒತ್ತೆ. ನಾನು ಇಷ್ಟನ್ನು ತೆತ್ತಿದ್ದೇನೆ, ನೀನೂ ನಿನ್ನ ಶಕ್ತಿಯಿದ್ದಷ್ಟು ಕೊಡು ಎಂದು ಹೇಳುವ ಅಧಿಕಾರ ನಡೆದು ಬಂದವನಿಗೆ ಉಂಟು. ಮನೆಯಲ್ಲಿ ಕೂತು ಕೊಟ್ಟ ದಾನ ಕೊಟ್ಟವನಲ್ಲಿಯೇ ಮುಗಿಯುತ್ತದೆ. ಬೀದಿಯಲ್ಲಿ ನಡೆದು ಬೇಡಿದ ದಾನ ನೋಡಿದವರನ್ನೆಲ್ಲ ಒಳಗೊಳ್ಳುತ್ತದೆ.

ಇದರ ಜೊತೆಗೆ ಇನ್ನೊಂದು ಪದ್ಧತಿಯನ್ನೂ ನೆನೆಯಬೇಕು. ತೆಂಗಿನ ಸೀಮೆಗೆ ನೆರೆಯದೇ ಆದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದಿಂದ ನಮ್ಮ ವೃತ್ತಿರಂಗಭೂಮಿ ಪ್ರಸಿದ್ಧವಾಯಿತು. ನಾಟಕ ಕಂಪನಿಗಳ ಕಾಲದಲ್ಲಿ ಊರಿನ ಗೋಡೆಗಳ ಮೇಲೆ ‘ಸಹಾಯಾರ್ಥ’ ಎಂಬ ಪದ ಮೇಲಿಂದ ಮೇಲೆ ಕಾಣಿಸುತ್ತಿತ್ತು. ಶಾಲೆಯ ಕಟ್ಟಡದ ಸಹಾಯಾರ್ಥ, ವಾಚನಾಲಯದ ಸಹಾಯಾರ್ಥ, ಬಡ ವಿದ್ಯಾರ್ಥಿಗಳ ಸಹಾಯಾರ್ಥ ಒಂದು ದಿನದ ಆಟ. ಹಳ್ಳಿಯ ರೈತರು ತಾವೇ ಬಣ್ಣ ಹಚ್ಚಿ ಆಡುವ ಕುರುಕ್ಷೇತ್ರ ನಾಟಕಕ್ಕೂ ಈ ಪದ ಅಪರಿಚಿತವಲ್ಲ. ಪ್ರೇಕ್ಷಕನಿಗೆ ಸಂತೋಷ, ಸಂಸ್ಥೆಗೆ ಹಣ; ದಾನವೂ ಆಯಿತು, ಉತ್ಸವವೂ ಆಯಿತು. ಆದರೆ ಸಹಾಯಾರ್ಥ ನಾಟಕಕ್ಕೆ ಒಂದು ಹಳೆಯ ರೋಗವಿತ್ತು. ಪರದೆಯ ಬಾಡಿಗೆ, ದೀಪದ ಖರ್ಚು, ನಟನಟಿಯರ ಊಟೋಪಚಾರಗಳೆಲ್ಲ ಕಳೆದು ಬೆಳಗಿನ ಜಾವ ಲೆಕ್ಕ ನೋಡಿದರೆ ಸಹಾಯಕ್ಕೆ ಉಳಿದದ್ದು ಅತ್ಯಲ್ಪವಾಗಿರಬಹುದಿತ್ತು. ಈ ರೋಗವನ್ನು ಮರೆಯಬಾರದು.

ದೇಹದ ಶ್ರಮ, ಜನಸಮೂಹದ ಸಾಕ್ಷ್ಯ, ಮೂರನೆಯವರೊಬ್ಬರಿಗೆ ಸಲ್ಲುವ ಧನ: ಈ ಮೂರೂ ಒಂದಾದಾಗ ಇಂದಿನ ಪರಾರ್ಥದ ಓಟ ಹುಟ್ಟುತ್ತದೆ. ಅದಕ್ಕೆ ಜಗತ್ತಿನಲ್ಲೆಲ್ಲ ಒಂದು ರೂಪ ಕೊಟ್ಟವನು ಕೆನಡಾ ದೇಶದ ತರುಣ, ಟೆರಿ ಫಾಕ್ಸ್. 1958ರಲ್ಲಿ ಹುಟ್ಟಿದ ಈತ 1977ರಲ್ಲಿ ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡ. ಆಸ್ಪತ್ರೆಯಲ್ಲಿ ತನ್ನೊಡನಿದ್ದ ಇತರ ರೋಗಿಗಳ, ಅದರಲ್ಲೂ ಮಕ್ಕಳ, ಸಂಕಟವನ್ನು ಅವನು ಮರೆಯಲಿಲ್ಲ. 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ಸಾಗರದಲ್ಲಿ ತನ್ನ ಕೃತಕ ಕಾಲನ್ನು ಅದ್ದಿ, ದೇಶದ ಇನ್ನೊಂದು ತುದಿಯ ಪೆಸಿಫಿಕ್ ಸಾಗರದ ಕಡೆಗೆ ಓಡಲು ತೊಡಗಿದ. ದಿನಕ್ಕೆ ಸುಮಾರು 42 ಕಿಲೋಮೀಟರು. ದೇಶದ ಜನಸಂಖ್ಯೆ ಆಗ ಸುಮಾರು 2 ಕೋಟಿ 40 ಲಕ್ಷ; ತಲೆಗೊಂದು ಡಾಲರಿನಂತೆ ಕ್ಯಾನ್ಸರ್ ಸಂಶೋಧನೆಗೆ ಕೊಡಿರೆಂದು ಅವನು ಕೇಳಿದ. 143 ದಿನಗಳಲ್ಲಿ 5,373 ಕಿಲೋಮೀಟರು ಓಡಿದ ಮೇಲೆ, ಸೆಪ್ಟೆಂಬರ್ 1ರಂದು, ರೋಗವು ಶ್ವಾಸಕೋಶಕ್ಕೆ ಹರಡಿರುವುದು ತಿಳಿದು ಓಟ ನಿಂತಿತು. ಮರುವರ್ಷದ ಫೆಬ್ರವರಿಯಲ್ಲಿ ನಿಧಿ 2 ಕೋಟಿ 40 ಲಕ್ಷ ಡಾಲರುಗಳನ್ನು ದಾಟಿತು. ಜೂನ್ 28ರಂದು, ಇಪ್ಪತ್ತಮೂರು ತುಂಬುವ ಮೊದಲೇ, ಟೆರಿ ತೀರಿಕೊಂಡ.

ಅವನು ಮುಗಿಸದೆ ಬಿಟ್ಟ ದಾರಿಯನ್ನು ಜನ ಕೈಗೆತ್ತಿಕೊಂಡರು. 1981ರ ಸೆಪ್ಟೆಂಬರ್ 13ರಂದು ಅವನ ಹೆಸರಿನ ಮೊದಲ ಓಟದಲ್ಲಿ ಸುಮಾರು 3 ಲಕ್ಷ ಜನ ಪಾಲ್ಗೊಂಡರು. ಈವರೆಗೆ ಕೂಡಿದ ಹಣ 80 ಕೋಟಿ ಡಾಲರುಗಳಿಗೂ ಮಿಕ್ಕಿದೆ. ಅದರ ಒಂದು ನಿಯಮವನ್ನು ನಾವು ವಿಶೇಷವಾಗಿ ಗಮನಿಸಬೇಕು: ಅದು ಸ್ಪರ್ಧೆಯಲ್ಲ, ಮೊದಲು ಬಂದವರಿಗೆ ಪದಕವಿಲ್ಲ. ತನ್ನ ಓಟವನ್ನು ವ್ಯಾಪಾರದ ಜಾಹೀರಾತಾಗಿಸಲು ಟೆರಿ ಬದುಕಿದ್ದಾಗಲೇ ಒಪ್ಪಿರಲಿಲ್ಲ.

ಅದೇ 1981ರ ಮಾರ್ಚ್ 29ರಂದು ಲಂಡನ್ ನಗರದಲ್ಲಿ ಮೊದಲ ಮ್ಯಾರಥಾನ್ ನಡೆಯಿತು. ಮುಂಚೂಣಿಯಲ್ಲಿದ್ದ ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ ಮತ್ತು ನಾರ್ವೆಯ ಇಂಗೆ ಸಿಮೊನ್ಸನ್ ಇಬ್ಬರೂ ಕೈ ಕೈ ಹಿಡಿದು ಗುರಿಯನ್ನು ದಾಟಿದರು. ಆ ಮ್ಯಾರಥಾನಿನ ಮೂಲಕ ಧರ್ಮಕಾರ್ಯಗಳಿಗೆ ಈವರೆಗೆ 100 ಕೋಟಿ ಪೌಂಡುಗಳಿಗೂ ಹೆಚ್ಚಿನ ಹಣ ಸಂದಿದೆ. 1986ರ ಮೇ 25ರಂದು ಆಫ್ರಿಕಾದ ಕ್ಷಾಮ ಪೀಡಿತರಿಗಾಗಿ ಅನೇಕ ದೇಶಗಳಲ್ಲಿ ಒಂದೇ ದಿನ ಜನ ಲಕ್ಷ ಲಕ್ಷ ಸಂಖ್ಯೆಯಲ್ಲಿ ಓಡಿದರು.

ಭಾರತಕ್ಕೆ ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ತಡವಾಗಿ. 2004ರ ಫೆಬ್ರವರಿಯಲ್ಲಿ ಮುಂಬಯಿ ಮ್ಯಾರಥಾನ್ ಆರಂಭವಾಯಿತು. ಅದರ ಮೂಲಕ ಸೇವಾಸಂಸ್ಥೆಗಳಿಗೆ ಕೂಡಿದ ಹಣ 300 ಕೋಟಿ ರೂಪಾಯಿಗಳನ್ನು ಮೀರಿದೆ. ಕನ್ನಡ ನಾಡಿನ ರಾಜಧಾನಿಯಲ್ಲಿ 2008ರ ಮೇ 18ರಂದು ಹತ್ತು ಕಿಲೋಮೀಟರಿನ ಅಂತರರಾಷ್ಟ್ರೀಯ ಓಟ ಮೊದಲಾಯಿತು. ಎರಿಟ್ರಿಯಾದ ಜೆರ್ಸೆನೆ ತಾದೆಸೆ ಅಂದು ಗೆದ್ದರು. ಆದರೆ ನಮ್ಮ ವಿಷಯಕ್ಕೆ ಮುಖ್ಯರಾದವರು ಗೆದ್ದವರಲ್ಲ, ಅವರ ಹಿಂದೆ ಬಂದ ಸಾವಿರಾರು ಮಂದಿ. ‘ಮಜ್ಜಾ ರನ್’ ಎಂಬ ಅಚ್ಚ ಬೆಂಗಳೂರಿನ ಹೆಸರಿನ ವಿಭಾಗದಲ್ಲಿ ಜನ ಬಗೆಬಗೆಯ ವೇಷ ಧರಿಸಿ, ಫಲಕ ಹಿಡಿದು, ಅರ್ಧ ಓಡಿ ಅರ್ಧ ನಡೆಯುತ್ತಾರೆ. ಹಿರಿಯ ನಾಗರಿಕರಿಗೆ ಒಂದು ವಿಭಾಗ, ಅಂಗವಿಕಲರಿಗೆ ಒಂದು ವಿಭಾಗ ಬೇರೆಯಾಗಿಯೇ ಇವೆ.

ಇಲ್ಲಿ ಹಣ ಕೂಡುವ ಬಗೆ ಹೇಗೆಂಬುದನ್ನು ಸ್ವಲ್ಪ ತಿಳಿಯಬೇಕು. ಓಟಗಾರ ತೆರುವ ಪ್ರವೇಶ ಶುಲ್ಕವೇ ದಾನವೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಶುಲ್ಕದ ಬಹುಭಾಗ ರಸ್ತೆಯ ಏರ್ಪಾಡು, ನೀರು, ವೈದ್ಯರು, ಅಂಗಿ, ಪದಕ ಇವುಗಳಿಗೆ ವೆಚ್ಚವಾಗುವಂಥದು. ದಾನ ಬೇರೆ. ಸೇವಾಸಂಸ್ಥೆಗಳು ಮೊದಲೇ ಹೆಸರು ನೋಂದಾಯಿಸುತ್ತವೆ. ಓಟಗಾರ ತನಗೆ ಒಪ್ಪಿದ ಸಂಸ್ಥೆಯೊಂದನ್ನು ಆರಿಸಿ, “ನಾನು ಇದಕ್ಕಾಗಿ ಹತ್ತು ಕಿಲೋಮೀಟರು ಓಡುತ್ತೇನೆ, ನೀವು ಕೈಲಾದದ್ದನ್ನು ಕೊಡಿ” ಎಂದು ಬಂಧುಮಿತ್ರರನ್ನು ಕೇಳುತ್ತಾನೆ. ಅಂದರೆ ಕಾವಿಯುಡದ ಜೋಳಿಗೆಯವನು ಅವನು. ಬಂದ ಹಣ ಸಂಸ್ಥೆಗೆ ಮುಟ್ಟಿತೆಂಬುದಕ್ಕೆ ಲೆಕ್ಕವಿಡುವ ಕೆಲಸವನ್ನು ಬೇರೊಂದು ಸಂಸ್ಥೆ ನೋಡಿಕೊಳ್ಳುತ್ತದೆ. ಮುಂಬಯಿಯಲ್ಲಿ ‘ಯುನೈಟೆಡ್ ವೇ’, ಬೆಂಗಳೂರಿನಲ್ಲಿ ‘ಇಂಡಿಯಾ ಕೇರ್ಸ್ ಫೌಂಡೇಷನ್’ ಈ ಹೊಣೆ ಹೊತ್ತಿವೆ. ಓಡಿಸುವವರೇ ಹಣ ಎಣಿಸಬಾರದೆಂಬ ಈ ಏರ್ಪಾಡು ಅತ್ಯಂತ ವಿವೇಕದ್ದು.

ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳನ್ನು ಹಾದು ತಿಪಟೂರಿನ ನಡುವೆಯೇ ಸಾಗುವ ಬಿ.ಎಚ್. ರಸ್ತೆಯಲ್ಲಿ ಪದ್ಧತಿಗಳೂ ಪಯಣ ಮಾಡುತ್ತವೆ. ರಾಜಧಾನಿಯ ಬಟ್ಟೆ, ಮದುವೆಯ ಊಟ, ಗಣಪತಿಯ ಚಪ್ಪರಗಳೆಲ್ಲ ಆ ದಾರಿಯಿಂದ ಬಂದಂತೆ ಓಟವೂ ಸಣ್ಣ ಊರುಗಳಿಗೆ ಬರುತ್ತದೆ. ಐದು ಕಿಲೋಮೀಟರು ಓಡಿದರೂ ಅದನ್ನು ನಾವು ಮ್ಯಾರಥಾನ್ ಎಂದೇ ಕರೆಯುತ್ತೇವೆ. ಅದು ಅಂಥ ದೋಷವೇನಲ್ಲ. ದೋಷವಾಗುವುದು, ಬರುವಾಗ ಉತ್ಸವ ಬಂದು ಲೆಕ್ಕ ಹಿಂದೆ ಉಳಿದರೆ. ವೇದಿಕೆ, ಹಾರತುರಾಯಿ, ಗಣ್ಯರ ಭಾಷಣ, ಪ್ರಾಯೋಜಕರ ಹೆಸರು ಹೊತ್ತ ಅಂಗಿ ಇವೆಲ್ಲ ಆದ ಮೇಲೆ, ಯಾರ ಹೆಸರಿನಲ್ಲಿ ಓಟ ನಡೆಯಿತೋ ಆ ರೋಗಿಗೆ ಏನು ಮುಟ್ಟಿತು? ಸಹಾಯಾರ್ಥ ನಾಟಕದ ಹಳೆಯ ರೋಗ ಓಟಕ್ಕೂ ಅಂಟಬಹುದು. ದೊಡ್ಡ ನಗರದ ಓಟಕ್ಕೆ ಪ್ರಾಯೋಜಕರಿಲ್ಲದೆ ಆಗದು. ಸಣ್ಣ ಊರಿನ ಓಟಕ್ಕೆ ಬೇಕಾದದ್ದು ರಸ್ತೆ, ನೀರು ಮತ್ತು ನಂಬಿಕೆ. ಟೆರಿ ಫಾಕ್ಸನ ಮಾದರಿ ನಮಗೆ ಹೆಚ್ಚು ಹತ್ತಿರದ್ದು.

ಈ ಸೀಮೆಯ ಜನಕ್ಕೆ ಕೂಡಿ ಮಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ತುರುವೇಕೆರೆ, ನೊಣವಿನಕೆರೆ ಎಂದು ಊರಿನ ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ನಾಡಿದು. ಕೆರೆಯನ್ನು ಕಟ್ಟಿಸಿದವನು ಒಬ್ಬನಿರಬಹುದು. ಏರಿಗೆ ಮಣ್ಣು ಹೊತ್ತವರು ನೂರಾರು ಮಂದಿ, ಹೂಳೆತ್ತಿ ಅದನ್ನು ಉಳಿಸಿದವರು ತಲೆಮಾರುಗಳು. ಅಂದು ಮಣ್ಣಿನ ಮಂಕರಿಯನ್ನು ಹೊತ್ತ ಹೆಗಲು ಇಂದು ಓಟದ ಚೀಟಿ ಧರಿಸಿದರೆ ತಪ್ಪೇನು? ಆದರೆ ಮಂಕರಿಯ ಮಣ್ಣು ಏರಿಯ ಮೇಲೆ ಬಿದ್ದುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಓಟದ ಹಣವೂ ಹಾಗೆಯೇ ಕಾಣಬೇಕು.

ಹಳೆಯ ದಾನಕ್ಕಿಂತ ಈ ಓಟದಲ್ಲಿ ಮೇಲಾದದ್ದೂ ಒಂದುಂಟು. ಜೋಳಿಗೆಯ ಕಾಲದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಪಡೆಯುವವನು ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ಓಟದಲ್ಲಿ ಅವನೂ ಬೀದಿಗೆ ಬರುತ್ತಾನೆ. ಟೆರಿ ಫಾಕ್ಸ್ ಸ್ವತಃ ರೋಗಿ. ಬೆಂಗಳೂರಿನ ಓಟದಲ್ಲಿ ಗಾಲಿಕುರ್ಚಿಯ ಮೇಲೆ ಸಾಗುವವನು ಯಾರ ಕರುಣೆಯನ್ನೂ ಬೇಡುತ್ತಿಲ್ಲ, ಎಲ್ಲರೊಡನೆ ದಾರಿಯನ್ನು ಹಂಚಿಕೊಳ್ಳುತ್ತಿದ್ದಾನೆ. ದಾನಿಗೂ ದಾನ ಪಡೆದವನಿಗೂ ಉಸಿರು ಒಂದೇ ಬಗೆಯಾಗಿ ಏರುವ ಆ ಗಳಿಗೆ ಅಲ್ಪವಾದುದಲ್ಲ. ಅರಳಿಕಟ್ಟೆಯ ಪ್ರಶ್ನೆಗೆ ಇದೂ ಒಂದು ಉತ್ತರ: ಮನೆಯಲ್ಲಿ ಕೂತು ಹಣವನ್ನು ಕೊಡಬಹುದು, ಜೊತೆಯನ್ನು ಕೊಡಲಾಗದು.

ಆದರೂ ಜೊತೆಯೊಂದೇ ಸಾಲದು. ತಿಪಟೂರಿನ ಸೀಮೆ ಹೆಸರಾದದ್ದು ಉಂಡೆಕೊಬ್ಬರಿಗೆ. ಬಲಿತ ಕಾಯನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ ವರ್ಷದ ಸಮೀಪ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿತೆ ಎಂಬುದು ಹೊರಗಿನ ನೋಟಕ್ಕೆ ತಿಳಿಯದು. ಬಲ್ಲವನು ಕಾಯನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸುತ್ತಾನೆ; ಒಳಗಿನಿಂದ ಗಟ್ಟಿ ಸದ್ದು ಬಂದರೆ ಕೊಬ್ಬರಿ ಆಗಿದೆಯೆಂದು ಅರ್ಥ. ಪರಾರ್ಥದ ಓಟಗಳನ್ನೂ ನಾವು ಹೀಗೆಯೇ ಪರೀಕ್ಷಿಸೋಣ. ಎಷ್ಟು ಜನ ಓಡಿದರು, ಯಾರು ಹಸಿರು ಬಾವುಟ ಬೀಸಿದರು ಎಂಬುದು ಹೊರಗಿನ ಸಿಪ್ಪೆ. ಎಷ್ಟು ಕೂಡಿತು, ಎಷ್ಟು ಖರ್ಚಾಯಿತು, ಯಾರಿಗೆ ಎಷ್ಟು ಮುಟ್ಟಿತು ಎಂಬುದನ್ನು ಊರಿನ ಚೌಕದಲ್ಲಿ ಬರೆದು ಹಚ್ಚುವ ಧೈರ್ಯ ಓಡಿಸಿದವರಿಗೆ ಇದೆಯೆ, ಅದು ಒಳಗಿನ ಸದ್ದು. ಆ ಸದ್ದು ಕೇಳಿಬಂದ ದಿನ, ಓಡಬಾರದೆಂಬ ಹಳೆಯ ಮರ್ಯಾದೆಯನ್ನು ಬದಿಗಿಟ್ಟು ಹಿರಿಯರೂ ಕಟ್ಟೆಯಿಂದ ಇಳಿದು ನಾಲ್ಕು ಹೆಜ್ಜೆ ಜೊತೆಗೂಡಬಹುದು.