ಲೆಕ್ಕಪತ್ರದ ಪರೀಕ್ಷೆಯೂ ಶ್ರಾವಕಧರ್ಮವೂ

ವಾಣಿಜ್ಯವು ಶ್ರಾವಕರಿಗೆ ಪರಂಪರೆಯಿಂದ ಬಂದ ಜೀವನೋಪಾಯಗಳಲ್ಲಿ ಒಂದು. ಆದುದರಿಂದಲೇ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಸೇರಿಸಿದ್ದಾರೆ. ಸುಳ್ಳು ಲೆಕ್ಕ ಬರೆಯುವುದು, ನಂಬಿ ಇಟ್ಟ ಹಣವನ್ನು ಅಪಹರಿಸುವುದು, ಇವೆರಡೂ ವ್ರತಕ್ಕೆ ಕಳಂಕ. ಲೆಕ್ಕ ಬರೆಯುವವನ ಧರ್ಮ ಇದಾದರೆ, ಅದನ್ನು ನಂಬಿ ಹಣ ತೊಡಗಿಸುವವನ ಧರ್ಮವೇನು? ಮುಂಬಯಿಯ ಇತಿಹಾಸದ ಒಂದು ಅಧ್ಯಾಯ ಇದಕ್ಕೆ ಉತ್ತರ ಹೇಳುತ್ತದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತುಹೋಯಿತು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದಿತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಘಟ್ಟವಿಳಿದು ಕುಮಟಾ ಬಂದರಿನ ಮಾರ್ಗವಾಗಿ ಮುಂಬಯಿಯನ್ನು ಸೇರುತ್ತಿತ್ತು. ಹರಿದುಬಂದ ಹಣ ಹೊಸ ಹೊಸ ಬ್ಯಾಂಕುಗಳಿಗೂ ಕಂಪನಿಗಳಿಗೂ ಜನ್ಮ ಕೊಟ್ಟಿತು. ಕಡಲನ್ನು ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಹಲವು ಪಟ್ಟು ಬೆಲೆಗೆ ಮಾರಾಟವಾಯಿತು. ಆ ಕಂಪನಿ ಗಳಿಸಿದ್ದೇನು ಎಂದು ಕೇಳಿದವರು ವಿರಳ.

1840ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆಗೆ ಷೇರುಗಳ ಅಡವಿನ ಮೇಲೆ ಸಾಲ ಕೊಡುವುದರಲ್ಲಿದ್ದ ನಿರ್ಬಂಧವನ್ನು 1863ರ ಕಾನೂನು ಸಡಿಲಿಸಿತು. ಸಾಲದಿಂದ ಷೇರಿನ ಬೆಲೆ ಏರಿತು. ಏರಿದ ಬೆಲೆಯೇ ಮತ್ತಷ್ಟು ಸಾಲಕ್ಕೆ ಆಧಾರವಾಯಿತು. 1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣ ಸೇನೆಯ ನಾಯಕ ಲೀ ಶರಣಾದನು. ಹತ್ತಿಯ ಬೆಲೆ ಕುಸಿಯಿತು. ವಾಯಿದೆ ವ್ಯವಹಾರಗಳು ತೀರಬೇಕಾಗಿದ್ದ ಜುಲೈ 1ರಂದು ಹಣ ಕೊಡಬಲ್ಲವರೇ ಇಲ್ಲವಾದರು. ಬ್ಯಾಂಕಿನ ಬಂಡವಾಳದ ಬಹುಭಾಗ ಕರಗಿ, 1868ರಲ್ಲಿ ಅದು ಮುಚ್ಚಿತು.

ಈ ಕಾಲದ ಪ್ರಮುಖ ವ್ಯಕ್ತಿ ಪ್ರೇಮಚಂದ ರಾಯಚಂದರು (1831–1906) ನಮ್ಮ ಸಮಾಜದವರೇ. 1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ 2 ಲಕ್ಷ ರೂಪಾಯಿಗಳಿಂದ, ಅವರ ತಾಯಿಯ ಹೆಸರಿನ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ಣಗೊಂಡಿತು. ದೃಷ್ಟಿಹೀನಳಾದ ತಾಯಿಗೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಲು ಗಂಟೆಯ ನಾದ ನೆರವಾಗಲೆಂಬುದೇ ಉದ್ದೇಶವಾಗಿತ್ತೆಂದು ಪ್ರತೀತಿ. ಅವರ ದಾನ ದೊಡ್ಡದು; ಸಂದೇಹವಿಲ್ಲ. ಆದರೆ ಅವರ ಹೆಸರೊಂದನ್ನೇ ನೋಡಿ ಸಾಲ ಕೊಟ್ಟವರು ನಷ್ಟಕ್ಕೆ ಗುರಿಯಾದರು. ಅವರೂ ಅಪಾರ ಸಂಪತ್ತನ್ನು ಕಳೆದುಕೊಂಡರು. ದಾನಿಯ ಔದಾರ್ಯವು ಅವನ ಕಂಪನಿಯ ಲೆಕ್ಕಕ್ಕೆ ಪ್ರಮಾಣವಾಗಲಾರದು.

ಲೆಕ್ಕವನ್ನು ಪರೀಕ್ಷಿಸುವ ಕ್ರಮವನ್ನು ಶಾಸ್ತ್ರವಾಗಿ ರೂಪಿಸಿದವರು ಅಮೆರಿಕದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್. 1929ರ ಷೇರುಪೇಟೆಯ ಕುಸಿತದ ಅನಂತರ, 1934ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಕಂಪನಿಯ ಆಸ್ತಿಯೆಷ್ಟು, ಸಾಲವೆಷ್ಟು? ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿಗೆ ಕೈಯಲ್ಲಿರುವ ಹಣ, ಸರಕು, ಬರಬೇಕಾದ ಮೊತ್ತ ಸಾಕೆ? ಲಾಭವು ಬಡ್ಡಿಯ ಎಷ್ಟು ಪಟ್ಟು? ಲಾಭ ಒಂದೇ ವರ್ಷದ್ದೋ, ಹಲವು ವರ್ಷಗಳದ್ದೋ? ಕಡೆಯದಾಗಿ, ಈ ಗಳಿಕೆಗೆ ಷೇರಿನ ಬೆಲೆ ತಕ್ಕುದೆ? ಒಂದೇ ಅಂಶವನ್ನು ಹಿಡಿದು ತೀರ್ಪು ಕೊಡುವುದು ಏಕಾಂತ. ಎಲ್ಲ ನಯಗಳಿಂದ ನೋಡಿದಾಗಲೇ ವಸ್ತುಸ್ಥಿತಿಯ ಅರಿವು. ನಮ್ಮ ಅನೇಕಾಂತವು ಇಲ್ಲಿಯೂ ದಾರಿದೀಪ.

ಆದರೆ ಬರೆದ ಲೆಕ್ಕವೇ ಸುಳ್ಳಾದರೆ? 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ವಾಸ್ತವದಲ್ಲಿ ಇಲ್ಲವೆಂದು ಒಪ್ಪಿಕೊಂಡರು. ಕೂಟಲೇಖಕ್ರಿಯೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಓದುವವನ ಜಾಗರೂಕತೆ ಎಷ್ಟಿದ್ದರೂ, ಬರೆಯುವವನ ಸತ್ಯನಿಷ್ಠೆಯಿಲ್ಲದೆ ವ್ಯಾಪಾರ ನಿಲ್ಲದು.

ಸ್ವಂತ ಹಣ ಕಳೆದುಕೊಂಡವನು ತನಗೆ ತಾನೇ ಉತ್ತರ ಹೇಳಿಕೊಂಡಾನು. ಬಸದಿಯ ನಿಧಿಯನ್ನು ಕಾಯುವ ಧರ್ಮದರ್ಶಿಗಳಿಗೆ ಆ ಅವಕಾಶವಿಲ್ಲ. ಅದು ಅನೇಕ ಕುಟುಂಬಗಳು ನಂಬಿ ಇಟ್ಟ ನ್ಯಾಸ. ಅಂತಹ ನಿಧಿಯನ್ನು ತೊಡಗಿಸಲು ಕಾನೂನಿನ ಮಿತಿಗಳಿವೆ. ಆ ಮಿತಿಯೊಳಗೂ, ಹೆಚ್ಚು ಬಡ್ಡಿಯ ಆಸೆಗೋ ಪರಿಚಿತರ ಮಾತಿಗೋ ಮಣಿಯದೆ, ಠೇವಣಿ ಇಡುವ ಸಂಸ್ಥೆಯ ವಾರ್ಷಿಕ ವರದಿಯನ್ನು ಸಭೆಯಲ್ಲಿ ಓದಿ ಚರ್ಚಿಸುವುದು ಕರ್ತವ್ಯ. ಪ್ರಮಾದವೂ ಬಂಧಕ್ಕೆ ಕಾರಣವೆಂದು ನಮ್ಮ ಆಗಮ ಸಾರಿದೆಯಷ್ಟೆ.