ನಿಪ್ಪಾಣಿ ತಂಬಾಕು, ದಿಲ್ಲಿ ಕಾನೂನು, ನಮ್ಮ ಕೇರಿಯ ಹುಡುಗ್ರು

ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ಪ್ರತಿ ವರ್ಷ ಜೂನ್ 26 ಬಂದ್ರ ಮಾದಕ ವಸ್ತು ವಿರೋಧಿ ದಿನ ಅಂತ ಶಾಲಾ ಮಕ್ಕಳ ಜಾಥಾ ಹೊಂಡತಾವ. ಭಾಷಣದಾಗ ಒಂದೇ ಮಾತು: ಈಗಿನ ಹುಡುಗ್ರು ಕೆಟ್ಟಾರ. ಕಚೇರಿಯಲ್ಲಿ ಕಾಗದ ನೋಡೋ ಕೆಲಸ ನಂದು, ಕಾನೂನನ್ನ ಇಸವಿ ಹಿಡಿದು ಓದೋ ರೂಢಿ. ಹಾಗೆ ಓದಿದ್ರ ಬೇರೆಯೇ ಕಥೆ ಕಾಣತೈತಿ.

ಮೊದಲು ನಮ್ಮ ತಂಬಾಕು. ನಿಪ್ಪಾಣಿ ಸುತ್ತಿನ ಕಪ್ಪು ಮಣ್ಣಿನಾಗ ಬೆಳೆಯೋದು ಬೀಡಿ ತಂಬಾಕು. 1943ರಲ್ಲಿ ಬ್ರಿಟಿಷ್ ಸರ್ಕಾರ ತಂಬಾಕಿನ ಮೇಲೆ ಕೇಂದ್ರ ಅಬಕಾರಿ ಸುಂಕ ಹಾಕಿತು. ಅಂದಿನಿಂದ ಅದು ಖಜಾನೆಯ ಬೆಳೆ. ವಖಾರಿಗಳಲ್ಲಿ ಅದನ್ನ ಬಡಿದು, ಸೋಸಿ, ಆ ಧೂಳು ಕುಡಿದವರು ಹೆಣ್ಣಮಕ್ಕಳು. 1970ರ ದಶಕದ ಕೊನೆಗೆ ಅವರು ಸಂಘ ಕಟ್ಟಿ ಕೂಲಿಗಾಗಿ ಬೀದಿಗೆ ಬಂದ್ರು. ಯುಗಾಂತರ್ ತಂಡದವರು 1982ರಲ್ಲಿ ಅವರ ಮೇಲೆ ‘ತಂಬಾಕು ಚಾಕಿಲಾ ಊಬ್ ಆಲಿ’ ಅನ್ನೋ ಸಾಕ್ಷ್ಯಚಿತ್ರ ಮಾಡಿದ್ರು. ಅದಕ್ಕೂ ಮುಂಚೆ, 1981ರಲ್ಲಿ, ಶರದ ಜೋಶಿ ಮುಂದಾಳತ್ವದಲ್ಲಿ ರೈತರು ತಂಬಾಕಿನ ದರಕ್ಕಾಗಿ ಹೆದ್ದಾರಿ ತಡೆದ್ರು. ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ಹತ್ತಕ್ಕೂ ಹೆಚ್ಚು ರೈತರು ಸತ್ರು. ನೆನಪಿಡ್ರಿ, ಅವತ್ತು ಸರ್ಕಾರದ ಜೊತೆ ಜಗಳ ಆಗಿದ್ದು ದರದ ಮೇಲೆ. ಹುಡುಗರ ಆರೋಗ್ಯದ ಮಾತು ಎಲ್ಲೂ ಇರಲಿಲ್ಲ.

ಎರಡನೇದು ದಾರೂ. ಚಿಕ್ಕೋಡಿ, ಅಥಣಿ ಆಗ ಮುಂಬಯಿ ರಾಜ್ಯದಾಗ ಇದ್ವು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ನಮಗೂ ಅನ್ವಯ ಆಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ್ವಿ. ಮುಂದೆ ಆ ಸರ್ಕಾರ ಪಾನನಿಷೇಧವನ್ನೇ ಕೈಬಿಟ್ಟಿತು. 2007ರ ಜುಲೈ 1ಕ್ಕೆ ಕರ್ನಾಟಕದಲ್ಲಿ ಸಾರಾಯಿ ಬಂದ್. ಸಾರಾಯಿ ಅಂಗಡಿ ಹೋತು, ಅಗ್ಗದ ವಿಸ್ಕಿ ಪಾಕೀಟು ಬಂತು. ಕೂಲಿಯವನ ಕಿಸೆ ಅಷ್ಟೇ ಖಾಲಿ, ಖಜಾನೆ ಅಷ್ಟೇ ಭರ್ತಿ. ನಶೆಯ ಪದಾರ್ಥ ನಿಲ್ಲಿಸೋಕೆ ರಾಜ್ಯ ಯತ್ನಿಸಬೇಕು ಅಂತ ಸಂವಿಧಾನದ 47ನೇ ವಿಧಿ ಹೇಳತೈತಿ. ಅಬಕಾರಿ ಇಲಾಖೆಗೆ ವರ್ಷಾ ಟಾರ್ಗೆಟ್ ಕೊಡೋದೂ ಅದೇ ರಾಜ್ಯ.

ಮೂರನೇದು ಗಾಂಜಾ. 1961ರ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ ಸಹಿ ಹಾಕಿತ್ತು. ಅದರ ಗಡುವು ಮುಗಿಯೋ ಹೊತ್ತಿಗೆ, 1985ರ ನವೆಂಬರ್‌ನಲ್ಲಿ, ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಮೊದಲು ಗಾಂಜಾಕ್ಕೆ ಐದು ವರ್ಷದ ತನಕ ಜೈಲಿನ ಭಯ, 2001ರ ತಿದ್ದುಪಡಿ ನಂತರ ಪ್ರಮಾಣದ ಪ್ರಕಾರ ಶಿಕ್ಷೆ. ಗಾಂಜಾ ಒಂದು ಕೆ.ಜಿ. ತನಕ ಸಣ್ಣ ಪ್ರಮಾಣ, 20 ಕೆ.ಜಿ. ದಾಟಿದ್ರ ವಾಣಿಜ್ಯ ಪ್ರಮಾಣ. ಆದರೆ ಗಿಡದ ಬರೀ ಎಲೆ ಈ ಕಾಯ್ದೆಯ ಗಾಂಜಾ ಅಲ್ಲ. ಹಂಗಾಗಿ ಹಬ್ಬದ ಭಂಗಿಗೆ ಒಂದು ನ್ಯಾಯ, ಕೇರಿಯ ಚಿಲುಮಿಗೆ ಇನ್ನೊಂದು.

ಇನ್ನ ಗುಟ್ಕಾ. ಮಹಾರಾಷ್ಟ್ರ 2012ರಲ್ಲಿ ನಿಷೇಧಿಸಿತು, ಕರ್ನಾಟಕ 2013ರ ಮೇ ಕೊನೆಗೆ. ನಡುವಿನ ಆ ತಿಂಗಳುಗಳಲ್ಲಿ ಗಡಿಯ ಆಚೆ ಅಪರಾಧ, ಈಚೆ ನಿಪ್ಪಾಣಿ, ಕಾಗವಾಡದಾಗ ಬಿಂದಾಸ್ ವ್ಯಾಪಾರ. ಎರಡೂ ಕಡೆ ನಿಷೇಧ ಆದಮೇಲೆ ಏನಾತು? ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಅಂಗೈಯಾಗ ಕೂಡಿಸಿದ್ರ ಮತ್ತ ಅದೇ ಗುಟ್ಕಾ! ಪಾನ್ ಅಂಗಡಿಯ ಮಾವಾ ಅಂತೂ ನಿಂತೇ ಇಲ್ಲ.

ಲೆಕ್ಕನೂ ಇದನ್ನೇ ಹೇಳತೈತಿ. 2019ರ ರಾಷ್ಟ್ರೀಯ ಶಾಲಾ ಸಮೀಕ್ಷೆಯಲ್ಲಿ 13ರಿಂದ 15 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 8.5 ಮಂದಿ ತಂಬಾಕು ಬಳಸ್ತಿದ್ರು. ಅದೇ ವರ್ಷ ಏಮ್ಸ್‌ನವರ ದೇಶವ್ಯಾಪಿ ವರದಿ ಬಂತು. ಅದರಾಗ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ನಶೆ ಒಂದೇ: ಮೂಸುವ ಪದಾರ್ಥ, ಅಂದ್ರ ಪಂಕ್ಚರ್ ಸೊಲ್ಯೂಷನ್, ವೈಟ್ನರ್ ತರದವು. ದೊಡ್ಡವರಲ್ಲಿ ನೂರಕ್ಕೆ 0.58, ಮಕ್ಕಳಲ್ಲಿ 1.17. ಕಾನೂನು ಒಂದು ಪದಾರ್ಥದ ಹೆಸರು ಹಿಡಿದು ನಿಷೇಧ ಮಾಡತೈತಿ. ಹುಡುಗ ಕೈಗೆ ಸಿಗೋದನ್ನ, ಅಗ್ಗದ್ದನ್ನ ಹಿಡೀತಾನ. ಅದೇ ವರದಿ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಕೊರತೆ ಇರೋದು ಇಲ್ಲಿ ನೋಡ್ರಿ.

ಬಾಬಾಸಾಹೇಬರು 1925ರ ಏಪ್ರಿಲ್‌ನಲ್ಲಿ ಇದೇ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ರು. ಎರಡು ವರ್ಷದ ನಂತರ ಮಹಾಡದಲ್ಲಿ ನಮ್ಮ ತಾಯಂದಿರಿಗೆ, ಕುಡಿದು ಬಂದ ಗಂಡನಿಗೂ ಮಗನಿಗೂ ಊಟ ಹಾಕಬೇಡಿ, ಮಕ್ಕಳನ್ನ ಶಾಲೆಗೆ ಕಳಿಸ್ರಿ ಅಂದ್ರು. ಎರಡೂ ಮಾತು ಒಂದೇ ಉಸಿರಿನಾಗ ಹೇಳಿದ್ರು, ಅದನ್ನ ಗಮನಿಸ್ರಿ. ಬರೀ ಬಿಡು ಅಂದ್ರ ಸಾಲದು, ಹುಡುಗನಿಗೆ ಹೋಗೋಕೆ ಒಂದು ಜಾಗ ಬೇಕು. ಶಾಲೆ ಬಿಟ್ಟು ಕಬ್ಬು ಕಡಿಯೋಕೆ, ಇಟ್ಟಂಗಿ ಭಟ್ಟಿಗೆ ಹೋದವನಿಗೆ ಹಸಿವು, ಮೈನೋವು ಮರೆಸೋದು ಆ ಪಾಕೀಟೇ.

ಅದಕ್ಕ ಮೂರು ಮಾತು ಪ್ರತಿ ಮನೆಗೆ ಗೊತ್ತಿರಲಿ.

ಒಂದು, ಮಕ್ಕಳಿಗೆ ತಂಬಾಕು, ದಾರೂ ಕೊಡೋದು ಬಾಲ ನ್ಯಾಯ ಕಾಯ್ದೆ 2015ರ 77ನೇ ಕಲಮಿನಡಿ ಅಪರಾಧ, ಏಳು ವರ್ಷದ ತನಕ ಜೈಲು. ಅಂದ್ರ ಕೇಸ್ ಮಾರಿದವನ ಮೇಲೆ ಆಗಬೇಕು.

ಎರಡು, 18 ತುಂಬದ ಹುಡುಗನನ್ನ ಲಾಕಪ್‌ನಲ್ಲಿ ಇಡುವಂಗಿಲ್ಲ, ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು.

ಮೂರು, ಸಣ್ಣ ಪ್ರಮಾಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದು ಅದನ್ನ ಪೂರ್ತಿ ಮಾಡಿದ್ರ, ಎನ್‌ಡಿಪಿಎಸ್ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡತೈತಿ. ಸರ್ಕಾರದ ಉಚಿತ ಸಹಾಯವಾಣಿ 14446.

ಮುಂದಿನ ಜಾಥಾದಾಗ ಹುಡುಗರ ಕೈಗೆ ಬ್ಯಾನರ್ ಕೊಡೋ ಮುಂಚೆ ಅಧಿಕಾರಿಗಳನ್ನ ಕೇಳ್ರಿ: ನಮ್ಮ ತಾಲೂಕಿನಾಗ ವ್ಯಸನಮುಕ್ತಿಗೆ ಹಾಸಿಗೆ ಎಷ್ಟು, ದಾರೂ ಲೈಸೆನ್ಸ್ ಎಷ್ಟು? ಮಾಹಿತಿ ಹಕ್ಕಿನ ಅರ್ಜಿ ಹಾಕೋಕೆ ಹತ್ತು ರೂಪಾಯಿ ಸಾಕು. ಬರೆಯೋಕೆ ಬರದಿದ್ರ ನನಗ ಹೇಳ್ರಿ, ಬರೆದುಕೊಡ್ತೀನಿ.

ಜೈ ಭೀಮ್, ಜೈ ಸಂವಿಧಾನ.