ಹತ್ತು ಲಕ್ಷ ಪತ್ರಗಳು

1854ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಸರಕಾರ ಅಂಚೆಗೆ ಒಂದೇ ದರ ನಿಗದಿ ಮಾಡಿತು. ಕಾಲು ತೊಲದ ಕಾಗದಕ್ಕೆ ಅರ್ಧಾಣೆ. ಪಕ್ಕದ ಊರಿಗೆ ಹೋಗಲಿ, ದೇಶದ ಆ ತುದಿಗೆ ಹೋಗಲಿ, ಅಷ್ಟೇ. ಬರೆದವನು ನವಾಬನೋ ನೇಕಾರನೋ ಎಂದು ವಿಚಾರಿಸಿ ದರ ಹೇಳುವಂತಿರಲಿಲ್ಲ. ಇಂಟರ್ನೆಟ್ಟಿನ ವಿಷಯದಲ್ಲಿ 'ನೆಟ್ ನ್ಯೂಟ್ರಾಲಿಟಿ' ಎನ್ನುವುದು ಬಹುಮಟ್ಟಿಗೆ ಈ ಹಳೆಯ ನ್ಯಾಯವನ್ನೇ. ಹೆಸರು ಮಾತ್ರ ಹೊಸದು. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವು 2003ರಲ್ಲಿ ಬಳಕೆಗೆ ತಂದದ್ದು.

ನಮ್ಮಲ್ಲಿ ಜಗಳ ಶುರುವಾದದ್ದು 2014ರ ಡಿಸೆಂಬರಿನಲ್ಲಿ. ಇಂಟರ್ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ಹಣ ಕೊಡಬೇಕೆಂದು ಏರ್‌ಟೆಲ್ ಹೇಳಿತು, ಜನ ಸಿಟ್ಟಾದರು, ಕಂಪೆನಿ ಹಿಂದೆಗೆಯಿತು. ಮರುವರ್ಷ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 118 ಪುಟಗಳ ಒಂದು ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತು. ವಾಟ್ಸ್‌ಆ್ಯಪ್, ಸ್ಕೈಪ್‌ಗಳಂಥವಕ್ಕೆ ಲೈಸೆನ್ಸ್ ಬೇಕೆ ಎಂಬುದೂ ಅದರಲ್ಲಿತ್ತು. ಉತ್ತರಕ್ಕೆ ಗಡುವು ಏಪ್ರಿಲ್ 24.

ಆ ಇಂಗ್ಲಿಷನ್ನು ಓದಿ ಉತ್ತರ ಬರೆಯುವ ತಾಳ್ಮೆ ಯಾರಿಗಿತ್ತು? ಕೆಲವರು ಸ್ವಯಂಸೇವಕರು, ಪತ್ರಕರ್ತರು, ವಕೀಲರು, ಸಾಫ್ಟ್‌ವೇರ್ ಕೆಲಸದವರು ಕೂತು ಇಪ್ಪತ್ತಕ್ಕೂ ಉತ್ತರ ಸಿದ್ಧಪಡಿಸಿ, ಯಾರು ಬೇಕಾದರೂ ತಮ್ಮ ಹೆಸರಿನಲ್ಲಿ ಕಳಿಸುವಂತೆ ಮಾಡಿಟ್ಟರು. ಎಐಬಿ ಎಂಬ ಹಾಸ್ಯ ತಂಡ ವಿಡಿಯೊ ಮಾಡಿ ಹುಡುಗರನ್ನು ನಗಿಸುತ್ತಲೇ ಎಬ್ಬಿಸಿತು. ಗಡುವು ಮುಗಿಯುವಾಗ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ದಿಲ್ಲಿ ತಲುಪಿದ್ದವು. 'ಏರ್‌ಟೆಲ್ ಜೀರೊ' ಎಂಬ ಉಚಿತ ಯೋಜನೆಗೆ ಸೇರಲು ಹೊರಟಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, ಗ್ರಾಹಕರು ಅದರ ಆ್ಯಪಿಗೆ ಒಂದೇ ನಕ್ಷತ್ರ ಕೊಡುತ್ತ ಹೋದ ಮೇಲೆ, ಏಪ್ರಿಲ್ 14ರಂದು ಹೊರಬಂತು. (ಟ್ರಾಯ್ ಮಾತ್ರ ಬಂದ ಪತ್ರಗಳನ್ನೆಲ್ಲ ಬರೆದವರ ಇ-ಮೇಲ್ ವಿಳಾಸ ಸಮೇತ ಪ್ರಕಟಿಸಿಬಿಟ್ಟಿತು. ಕಷ್ಟಪಟ್ಟು ಬರೆದವರಿಗೆ ಸಿಕ್ಕ ಬಹುಮಾನ!)

ಇದೆಲ್ಲ ಕಂಪ್ಯೂಟರ್ ಹುಡುಗರ ಗದ್ದಲ ಎಂದೇ ನಾವು ಆಗ ಎಣಿಸಿದ್ದೆವು. ಕಣ್ಣು ತೆರೆಸಿದ್ದು ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್'. ಬಡವರಿಗೆ ಕೆಲವು ತಾಣಗಳು ಬಿಟ್ಟಿ, ಉಳಿದದ್ದಕ್ಕೆ ದುಡ್ಡು. ಏನೂ ಇಲ್ಲದವನಿಗೆ ಅಷ್ಟಾದರೂ ಸಿಗಲಿ ಬಿಡಿ ಎಂಬ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಹೊಟ್ಟೆ ತುಂಬಿದವರು ಅದನ್ನು ತುಸು ಬೇಗನೆ ತಳ್ಳಿಹಾಕಿದರು ಎಂದು ನಮಗೆ ಈಗಲೂ ಅನಿಸುತ್ತದೆ. ಆದರೆ ಆ ಬಿಟ್ಟಿ ಬಾಗಿಲಿನ ಕೀಲಿ ಯಾರ ಕೈಯಲ್ಲಿ? ಚಂದಾ ಹಣದಲ್ಲಿ ಉಸಿರಾಡುವ ಕನ್ನಡದ ಸಣ್ಣ ಪತ್ರಿಕೆಗೆ, ಉರ್ದುವಿನ ರಿಸಾಲೆಗೆ ಅಲ್ಲಿ ಜಾಗ ಸಿಗಬೇಕಾದರೆ ಒಂದು ಕಂಪೆನಿಯ ಷರತ್ತಿಗೆ ಒಪ್ಪಬೇಕಿತ್ತು. ಫೇಸ್‌ಬುಕ್ ಪುಟಗಟ್ಟಲೆ ಜಾಹೀರಾತು ಕೊಟ್ಟಿತು, ತನ್ನ ಬಳಕೆದಾರರಿಂದ ಲಕ್ಷಗಟ್ಟಲೆ ಸಿದ್ಧ ಪತ್ರಗಳನ್ನು ಬರೆಸಿತು. ಕೇಳಿದ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವೇ ಇಲ್ಲ ಎಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರವರಿ 8ರಂದು ತೀರ್ಮಾನ ಬಂತು: ತಾಣ ನೋಡಿ ದರ ಹಾಕುವಂತಿಲ್ಲ; ತಪ್ಪಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ದಂಡ. 2018ರ ಜುಲೈಯಲ್ಲಿ ಕೇಂದ್ರ ಸರಕಾರವೂ ನೆಟ್ ನ್ಯೂಟ್ರಾಲಿಟಿಯ ತತ್ವಗಳಿಗೆ ಒಪ್ಪಿಗೆ ಕೊಟ್ಟಿತು. ಅಮೆರಿಕ ಅಷ್ಟರಲ್ಲಿ ತನ್ನ 2015ರ ನಿಯಮವನ್ನು ತಾನೇ ಕಿತ್ತುಹಾಕಿತ್ತು.

ಗೆದ್ದದ್ದು ನಿಜ. ಆದರೆ ಕಂಪೆನಿ ಭೇದ ಮಾಡಬಾರದೆನ್ನುವ ಈ ನಿಯಮ, ಸರಕಾರ ದಾರಿಯನ್ನೇ ಮುಚ್ಚಿದರೆ ಏನನ್ನೂ ಹೇಳುವುದಿಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆ ರಾತ್ರಿ ಮೊಬೈಲ್ ಇಂಟರ್ನೆಟ್ 48 ಗಂಟೆಗೆಂದು ನಿಂತಿತು. ಕಾಶ್ಮೀರದಲ್ಲಿ ಆ ವರ್ಷದ ಆಗಸ್ಟಿನಿಂದಲೇ ನಿಂತಿತ್ತು. ಅದಕ್ಕಾಗಿ ದಿಲ್ಲಿಗೆ ಹತ್ತು ಲಕ್ಷ ಪತ್ರಗಳು ಹೋಗಲಿಲ್ಲ. 'ಕಾಶ್ಮೀರ್ ಟೈಮ್ಸ್' ಸಂಪಾದಕಿ ಅನುರಾಧಾ ಭಸೀನ್ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದು 2020ರ ಜನವರಿ 10ರಂದು ತೀರ್ಪಾಯಿತು. ಕಾಶ್ಮೀರಕ್ಕೆ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ.